ಪೀಪ್ 16ಕ್ಕೆ ಏರಿಸಿದ ಆ ರಾತ್ರಿ

ನಾನು ಐಸಿಯು ವೈದ್ಯ. ನ್ಯುಮೋನಿಯಾ ಜೋರಾಗಿ ಎಆರ್‌ಡಿಎಸ್‌ಗೆ, ಅಂದರೆ ಶ್ವಾಸಕೋಶ ಊದಿಕೊಂಡು ರಕ್ತಕ್ಕೆ ಆಕ್ಸಿಜನ್ ಸೇರದ ಸ್ಥಿತಿಗೆ, ತಿರುಗಿದ್ದ ಒಬ್ಬ ರೋಗಿ ವೆಂಟಿಲೇಟರ್ ಮೇಲಿದ್ದರು. 90 ಪರ್ಸೆಂಟ್ ಆಕ್ಸಿಜನ್ ಕೊಟ್ಟರೂ ಸ್ಯಾಚುರೇಶನ್ 86 ದಾಟುತ್ತಿರಲಿಲ್ಲ. ಎಷ್ಟು ಆಕ್ಸಿಜನ್‌ಗೆ ಎಷ್ಟು ಪೀಪ್ ಎಂದು ಹೇಳುವ ಟೇಬಲ್ ನೋಡಿ ಪೀಪ್ ಅನ್ನು 10ರಿಂದ 16ಕ್ಕೆ ಏರಿಸಿದೆ. ಉಸಿರು ಹೊರಗೆ ಹೋದ ಮೇಲೂ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ಒಳಗೆ ಉಳಿಸುವ ಒತ್ತಡವೇ ಪೀಪ್. ಮುಚ್ಚಿದ ಭಾಗ ತೆರೆದುಕೊಳ್ಳುತ್ತೆ ಅಂದುಕೊಂಡಿದ್ದೆ.

ಅರ್ಧ ಗಂಟೆಯಲ್ಲಿ ಬಿಪಿ ಇಳಿಯಿತು, ಕಾರ್ಬನ್ ಡೈಆಕ್ಸೈಡ್ ಏರಿತು. ಪ್ಲಾಟೋ ಪ್ರೆಶರ್, ಅಂದರೆ ಉಸಿರು ತುಂಬಿ ನಿಂತಾಗ ಶ್ವಾಸಕೋಶದೊಳಗಿನ ಒತ್ತಡ, 24 ಇದ್ದದ್ದು 33 ಆಯಿತು. ಅದರಿಂದ ಪೀಪ್ ಕಳೆದರೆ ಸಿಗುವ ಡ್ರೈವಿಂಗ್ ಪ್ರೆಶರ್ 14ರಿಂದ 17ಕ್ಕೆ ಹೋಗಿತ್ತು. ಸ್ಯಾಚುರೇಶನ್ ಮಾತ್ರ ಕದಲಲಿಲ್ಲ.

ಆ ಮಧ್ಯಾಹ್ನವೇ ಸಿಟಿ ಸ್ಕ್ಯಾನ್ ಆಗಿತ್ತು. ನಾನು ರಿಪೋರ್ಟ್ ಓದಿದ್ದೆ, ಚಿತ್ರ ತೆರೆದಿರಲಿಲ್ಲ. ಇದನ್ನು ಹೇಳಲು ಈಗಲೂ ಕಷ್ಟವಾಗುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಕಡೆ ಬೆಳ್ಳಗೆ ಕಂಡಿದ್ದರಿಂದ ಇಡೀ ಶ್ವಾಸಕೋಶ ಒಂದೇ ಥರ ಕೆಟ್ಟಿದೆ ಅಂತ ನಂಬಿದ್ದೆ. ಸಿಟಿ ತೆರೆದಾಗ ಎದೆಯ ಮುಂಭಾಗ ಕಪ್ಪಗೆ, ಗಾಳಿ ತುಂಬಿಕೊಂಡು ಚೆನ್ನಾಗಿಯೇ ಇತ್ತು. ಬೆನ್ನಿನ ಕಡೆ ಮಾತ್ರ ಗಟ್ಟಿ ಬಿಳಿ. ಹಿರಿಯ ಸಹೋದ್ಯೋಗಿ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ನೋಡಿದರು, ಅದೇ ಕಂಡಿತು.

ನಾನು ಏರಿಸಿದ ಒತ್ತಡವೆಲ್ಲ ಸುಲಭವಾಗಿ ಹಿಗ್ಗುವ ಕಡೆಗೇ ಹೋಗಿತ್ತು, ಅಂದರೆ ಚೆನ್ನಾಗಿದ್ದ ಭಾಗಕ್ಕೆ. ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿಹೋದವು, ರಕ್ತ ಗಾಳಿಯೇ ಇಲ್ಲದ ಹಿಂಭಾಗಕ್ಕೆ ಹರಿಯಿತು. ಇನ್ನು ಆಕ್ಸಿಜನ್ ಏರುವುದು ಹೇಗೆ, ಅಲ್ವಾ?

ಪೀಪ್ ಅನ್ನು 8ಕ್ಕೆ ಇಳಿಸಿದೆವು. ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಕೊಡುವ ಗಾಳಿ) ಮೊದಲಿನಂತೆಯೇ, ಎತ್ತರದಿಂದ ಲೆಕ್ಕ ಹಾಕಿದ ತೂಕಕ್ಕೆ ಕಿಲೋಗೆ 6 ಎಂಎಲ್. ಬಿಪಿ ಸುಧಾರಿಸಿದ ಮೇಲೆ, ಬೆನ್ನಿನ ಕಡೆಯ ಭಾಗ ತೆರೆದುಕೊಳ್ಳಲಿ ಎಂದು ಐದು ಜನ ಸೇರಿ ರೋಗಿಯನ್ನು ಬೋರಲು ಮಲಗಿಸಿದೆವು. ಬೆಳಗಿನ ಹೊತ್ತಿಗೆ ಆಕ್ಸಿಜನ್ 55 ಪರ್ಸೆಂಟ್‌ಗೆ ಇಳಿಸಲು ಆಯಿತು. ನಿಜ ಹೇಳಬೇಕೆಂದರೆ ಬೋರಲು ಮಲಗಿಸುವುದನ್ನು ಇನ್ನೂ ಮೊದಲೇ ಯೋಚಿಸಬೇಕಿತ್ತು. ತೀವ್ರ ಎಆರ್‌ಡಿಎಸ್‌ನಲ್ಲಿ ದಿನಕ್ಕೆ 16 ಗಂಟೆಯಾದರೂ ಹೀಗೆ ಮಲಗಿಸಿದರೆ ಸಾವು ಕಡಿಮೆಯಾಗುತ್ತದೆ ಎಂದು 2013ರ ಪ್ರೊಸೆವಾ ಅಧ್ಯಯನವೇ ತೋರಿಸಿತ್ತು.

ಆದರೆ ಚಿತ್ರ ನೋಡಿದರೆ ಸಾಕು ಅಂತಲೂ ಅಲ್ಲ. ಫ್ರಾನ್ಸ್‌ನಲ್ಲಿ 400 ರೋಗಿಗಳ ಮೇಲೆ ನಡೆದ ಲೈವ್ ಅಧ್ಯಯನದಲ್ಲಿ, ರೋಗ ಕೆಲವು ಭಾಗದಲ್ಲಷ್ಟೇ ಇದೆಯೋ ಎಲ್ಲೆಡೆ ಹರಡಿದೆಯೋ ಎಂದು ಚಿತ್ರ ನೋಡಿ ಗುಂಪು ಮಾಡಿ, ಅದಕ್ಕೆ ತಕ್ಕಂತೆ ವೆಂಟಿಲೇಟರ್ ಸೆಟ್ಟಿಂಗ್ ಆರಿಸಿದರು. ಒಟ್ಟಾರೆ ಸಾವು ಕಡಿಮೆಯಾಗಲಿಲ್ಲ. ಐದರಲ್ಲಿ ಒಬ್ಬರ ಚಿತ್ರವನ್ನು ತಪ್ಪಾಗಿ ಓದಲಾಗಿತ್ತು. ಹಾಗೆ ತಪ್ಪು ಗುಂಪಿಗೆ ಸೇರಿ, ಅದಕ್ಕೆ ತಕ್ಕ ಸೆಟ್ಟಿಂಗ್ ಪಡೆದವರಲ್ಲಿ ಸಾವು ಜಾಸ್ತಿ ಇತ್ತು. ಅಲ್ಟ್ರಾಸೌಂಡ್‌ಗೂ ಒಂದು ಮಿತಿ ಇದೆ. ಮುಚ್ಚಿದ ಶ್ವಾಸಕೋಶ ಅದರಲ್ಲಿ ಚೆನ್ನಾಗಿ ಕಾಣುತ್ತದೆ, ವಿಪರೀತ ಹಿಗ್ಗಿದ್ದು ಕಾಣುವುದಿಲ್ಲ. ಹಾಗಾಗಿ ಪೀಪ್ ಬದಲಿಸಿದ ಮೇಲೆ ನಾನು ಹಾಸಿಗೆ ಪಕ್ಕದಲ್ಲೇ ನಿಂತು ಡ್ರೈವಿಂಗ್ ಪ್ರೆಶರ್, ಬಿಪಿ ಎರಡನ್ನೂ ನೋಡುತ್ತೇನೆ.

ಮರುದಿನ ಆ ರೋಗಿ ಬೋರಲಾಗಿಯೇ ಇದ್ದಾಗ ಬೆನ್ನ ಮೇಲೆ ನಾನೇ ಪ್ರೋಬ್ ಇಟ್ಟೆ. ಹಿಂದಿನ ರಾತ್ರಿ ಲಿವರ್‌ನಂತೆ ಗಟ್ಟಿಯಾಗಿ ಕಂಡಿದ್ದ ಜಾಗದಲ್ಲಿ ಬಿ ಲೈನ್‌ಗಳು, ಅಂದರೆ ಗಾಳಿ ಸ್ವಲ್ಪವಾದರೂ ಇರುವಲ್ಲಿ ಅಲ್ಟ್ರಾಸೌಂಡ್‌ನಲ್ಲಿ ಕಾಣುವ ಉದ್ದನೆಯ ಬಿಳಿ ಗೆರೆಗಳು, ಮೂಡಿದ್ದವು. ಅಲ್ಲಿಗೆ ಗಾಳಿ ಹೋಗಲು ಶುರುವಾಗಿತ್ತು.