ಊರಿನ ಯೋಧರ ಕಲ್ಲು: 17ರಲ್ಲಿ 11 ಹೆಸರು ಮುಗಿಯಿತು

ಮಳೆ ಬಿಟ್ಟು ಎರಡು ವಾರ ಆಯಿತು. ಟಾರ್ಪಾಲ್ ತೆಗೆದು ಕೆಲಸ ಮತ್ತೆ ಶುರು ಮಾಡಿದ್ದೇವೆ. ಬೇಲೂರು ತಾಲ್ಲೂಕಿನ ನಮ್ಮ ಸಣ್ಣ ಊರಿನಿಂದ ಸೈನ್ಯ ಸೇರಿದವರ ಹೆಸರನ್ನು ಅರಳಿಕಟ್ಟೆ ಪಕ್ಕ ಒಂದು ಕಲ್ಲಿನಲ್ಲಿ ಕೆತ್ತಿಸಬೇಕು. ಇಷ್ಟೇ ಕೆಲಸ ಅಂದುಕೊಂಡಿದ್ದೆ.

ಮೊದಲು ವೀರಗಲ್ಲಿನ ಥರ ಮಾಡಿಸೋಣ ಅಂತಿತ್ತು. ನಮ್ಮ ಕಡೆ ಕೆರೆ ಏರಿ, ಗುಡಿ ಮುಂದೆ, ಎಲ್ಲಿ ನೋಡಿದರೂ ವೀರಗಲ್ಲೇ ಅಲ್ವಾ? ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ನಕ್ಷೆ ತೋರಿಸಿದರೆ 1971ರ ಯುದ್ಧಕ್ಕೆ ಹೋಗಿ ಬಂದ ಹವಾಲ್ದಾರ್ ತಾತ ಹೇಳಿದರು: "ನಾನಿನ್ನೂ ದಿನಾ ಎರಡು ಮುದ್ದೆ ಉಣ್ತೀನಿ. ಈಗಲೇ ಯಾಕಪ್ಪಾ ಅಪ್ಸರೆಯರ ಜೊತೆ ಕಳಿಸ್ತೀಯಾ?"

ಮಾತು ನಿಜ. 17 ಜನರಲ್ಲಿ ವಾಪಸ್ ಬರದವರು ಒಬ್ಬರೇ, 1965ರಲ್ಲಿ ಹೋದವರು. ಹಾಗಾದರೆ ಬದುಕಿ ಬಂದವರಿಗೆ ಕಲ್ಲು ಯಾಕೆ ಅಂತ ಸಭೆಯಲ್ಲಿ ಒಬ್ಬರು ತಕರಾರು ತೆಗೆದರು. ಪಕ್ಕದ ಹಲ್ಮಿಡಿಯನ್ನೇ ನೆನಪಿಸಿದೆ. ಕ್ರಿ.ಶ. 450ರ ಸುಮಾರಿನ ಆ ಶಾಸನದಲ್ಲಿ ಇರುವುದು ಕಾಳಗದಲ್ಲಿ ಗೆದ್ದ ವಿಜ ಅರಸನಿಗೆ ಎರಡು ಊರು ಬಾಳ್ಗಳ್ಚಾಗಿ ಕೊಟ್ಟ ಸುದ್ದಿ. ಬಾಳ್ಗಳ್ಚು ಅಂದರೆ ಕತ್ತಿ ತೊಳೆಯುವುದು, ಕಾದಿ ಗೆದ್ದ ವೀರನಿಗೆ ಮಾಡುವ ಗೌರವ. ತಕರಾರು ಅಲ್ಲಿಗೆ ನಿಂತಿತು. ಅಪ್ಸರೆಯರನ್ನು ಬಿಟ್ಟು ಸೂರ್ಯ ಚಂದ್ರರನ್ನು ಮಾತ್ರ ಉಳಿಸಿಕೊಂಡೆವು.

ಮೊದಲು ಬಂದ ಕಲ್ಲು ವಾಪಸ್ ಹೋಯಿತು. ಕೆತ್ತುವವರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಒಂದು ಕಡೆ ಟಣ್ ಅಂತು, ಇನ್ನೊಂದು ಕಡೆ ಡಬ್. ಒಂದು ಕೊಡ ನೀರು ಸುರಿದು ಬೀಡಿ ಹಚ್ಚಿ ಕೂತರು. ಬೀಡಿ ಮುಗಿಯುವ ಹೊತ್ತಿಗೆ ಕಲ್ಲೆಲ್ಲಾ ಒಣಗಿತ್ತು, ಕೂದಲಿನಷ್ಟು ಸಣ್ಣ ಒಂದು ಗೆರೆ ಮಾತ್ರ ಒದ್ದೆಯಾಗೇ ಇತ್ತು. ಬಿರುಕು. ಕಲ್ಲು ಕೊಟ್ಟವರ ಜೊತೆ ಜಗಳ ಆಯಿತು, ಅದು ಬಿಡಿ.

ಅಕ್ಷರ ಒಂದೂವರೆ ಇಂಚು ಸಾಕು ಅಂದಿದ್ದೆ, ಅದೂ ತಪ್ಪಾಯಿತು. ನಮ್ಮೂರ ಹೆಸರುಗಳೆಲ್ಲ ಅಪ್ಪ, ಇಲ್ಲಾ ಅಣ್ಣ. ಒತ್ತಕ್ಷರ ಇಲ್ಲದ ಹೆಸರೇ ಇಲ್ಲ! ಗ್ರಾನೈಟ್‌ನಲ್ಲಿ ಅಷ್ಟು ಸಣ್ಣ ಒತ್ತಕ್ಷರ ತೆಗೆಯಲು ಹೋದರೆ ಚಕ್ಕೆ ಏಳುತ್ತದೆ. ಈಗ ಎರಡು ಇಂಚು, ಸಾಲಿನ ನಡುವೆ ಜಾಸ್ತಿ ಜಾಗ.

ಹೆಸರಿನ ಪಟ್ಟಿಯೇ ಎಲ್ಲಕ್ಕಿಂತ ಕಷ್ಟ. ಡಿಸ್ಚಾರ್ಜ್ ಬುಕ್ ನೋಡಿ ಬರೆದುಕೊಂಡರೆ ಒಬ್ಬರ ಗೌಡ ಹೋಗಿ ಗೋಡಾ ಆಗಿದೆ. ಉತ್ತರದ ಕಡೆಯ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದಿರಬೇಕು. ಪೆನ್ಷನ್ ಕೂಡ ಗೋಡಾ ಹೆಸರಲ್ಲೇ ಬರುತ್ತಿದೆಯಂತೆ. ಕೊನೆಗೆ ಮನೆಯವರು ಹೇಗೆ ಹೇಳುತ್ತಾರೋ ಹಾಗೇ ಕೆತ್ತುವುದು ಅಂತಾಯಿತು. ರ‍್ಯಾಂಕ್ ಹಾಕುತ್ತಿಲ್ಲ. ಸೇರಿದ ವರ್ಷದ ಪ್ರಕಾರ ಸಾಲು.

ಇನ್ನು 6 ಹೆಸರು ಬಾಕಿ. ಕೆಳಗೆ ನಾಲ್ಕು ಸಾಲು ಖಾಲಿ ಬಿಡೋಣ, ಮುಂದೆ ಸೇರುವ ಹುಡುಗರಿಗೆ ಬೇಕಾಗುತ್ತದೆ ಅಂದೆ. 65ರಲ್ಲಿ ಹೋದವರ ತಂಗಿ, ಈಗ ಅಜ್ಜಿ, ಕಲ್ಲಿನ ಪಕ್ಕದಲ್ಲೇ ಕೂತಿದ್ದರು. "ಖಾಲಿ ಬಿಡಬೇಡ ಮಗಾ, ಕರೆದಂಗೆ ಆಗುತ್ತೆ" ಅಂದರು.

ಕೆತ್ತುವವರು ನನ್ನ ಮುಖ ನೋಡಿದರು. ಭಾನುವಾರ ಹೇಳ್ತೀನಿ ಅಂದಿದ್ದೇನೆ.