ಆಯಿಲ್ ಕೆಟ್ಟಿದ್ದು ಬಿಸಿಲಿಗಲ್ಲ

ವಿಜಯಪುರದ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ನಮ್ಮ ಟ್ರ್ಯಾಕ್ಟರ್ ಆಯಿಲ್ ಬೇಗ ಕೆಡೋದು ಈ ಬಿಸಿಲಿಗೇ ಅಂತ ನಾನು ಬಹಳ ದಿನ ನಂಬಿದ್ದೆ. ಹೋದ ವರ್ಷ ಬೇಸಿಗೆ ಉಳುಮೆ ಮುಗಿದ ಮೇಲೆ ಮಿಸ್ತ್ರಿ ಕಾಕಾ ಟ್ಯಾಪೆಟ್ ಕವರ್, ಅಂದ್ರೆ ಎಂಜಿನ್ ಮೇಲಿನ ಮುಚ್ಚಳ, ಬಿಚ್ಚಿ ತೋರಿಸಿದರು. ಒಳಗೆಲ್ಲ ಜೋನಿಬೆಲ್ಲದ ಬಣ್ಣದ ಪದರ. ಉಗುರಿನಿಂದ ಕೆರೆದರೂ ಬರಲಿಲ್ಲ.

"ತಮ್ಮಾ, ಇದು ಬಿಸಿಲಿನ ಕೆಲಸ ಅಲ್ಲ, ಮೊದಲು ರೇಡಿಯೇಟರ್ ನೋಡು" ಅಂದರು.

ನೋಡಿದೆ. ಜಾಳಿಗೆಯ ತುಂಬ ಹೊಟ್ಟು, ಧೂಳು, ಒಣಗಿದ ಎಲೆ. ಗಾಳಿ ಹೋಗೋಕೆ ದಾರಿಯೇ ಇರಲಿಲ್ಲ, ಎಂಜಿನ್ ಬಿಸಿ ಹೊರಗೆ ಹೋಗೋದಾದರೂ ಹೇಗೆ?

ಎಂಜಿನ್ ಕೆಲಸ ಮಾಡುವಾಗ ಆಯಿಲ್ ಹೇಗೂ 100 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ, ಅದಕ್ಕೆಂದೇ ಮಾಡಿದ ಎಣ್ಣೆ ಅದು. 15ಡಬ್ಲ್ಯೂ-40 ಅಂತ ಡಬ್ಬಿ ಮೇಲೆ ಬರೆದಿರುತ್ತಾರಲ್ಲ, ಆ 40 ಅನ್ನೋ ದಪ್ಪವನ್ನು ಅಳೆಯೋದೂ 100 ಡಿಗ್ರಿಯಲ್ಲೇ. ತೊಂದರೆ ಶುರುವಾಗೋದು ಅದಕ್ಕಿಂತ ಮೇಲೆ ಹೋದಾಗ. ಬಿಸಿ ಎಣ್ಣೆಗೆ ಗಾಳಿಯ ಆಮ್ಲಜನಕ ಸೇರಿ ಅದು ಹುಳಿಯಾಗುತ್ತದೆ, ಗಟ್ಟಿಯಾಗುತ್ತದೆ, ಕವರ್ ಒಳಗಿನ ಪದರ ಕೂರೋದೂ ಹೀಗೇ. ಪ್ರತಿ 10 ಡಿಗ್ರಿ ಏರಿದರೆ ಈ ಕೆಡುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅನ್ನೋದು ಸಾಮಾನ್ಯ ಲೆಕ್ಕ. ಅಂದ್ರೆ 20 ಡಿಗ್ರಿ ಜಾಸ್ತಿಯಾದರೆ ನಾಲ್ಕು ಪಟ್ಟು!

ಇದು ಕಣ್ಣಿಗೆ ಕಾಣೋದಿಲ್ಲ, ಅದೇ ಕಷ್ಟ. ಎಣ್ಣೆ ಕೆಡದಂತೆ ಕಂಪನಿಯವರು ಬೆರೆಸಿದ ಔಷಧ ಮೊದಲು ಖರ್ಚಾಗುತ್ತಾ ಹೋಗುತ್ತದೆ, ಅದು ಇರೋವರೆಗೂ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಮುಗಿದ ಮೇಲೆ ಎಣ್ಣೆ ಬೇಗ ಬೇಗ ಗಟ್ಟಿಯಾಗುತ್ತದೆ. ಬಣ್ಣ ನೋಡಿ ನಿರ್ಧರಿಸಬೇಡಿ. ಡೀಸೆಲ್ ಎಂಜಿನ್ನಲ್ಲಿ ಹೊಸ ಆಯಿಲ್ ಕೂಡ ಮಸಿ ಸೇರಿ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ, ಆ ಮಸಿಯನ್ನು ಗೋಡೆಗೆ ಅಂಟದಂತೆ ಹಿಡಿದಿಡೋದು ಅದರ ಕೆಲಸ. ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನೋಡಿ ಆಯಿಲ್ ಬದಲಿಸಿ. ಲೆವೆಲ್ ಕಮ್ಮಿಯಾಗಲು ಬಿಡಬೇಡಿ, ಇರೋ ಸ್ವಲ್ಪ ಎಣ್ಣೆಯೇ ಅಷ್ಟೂ ಬಿಸಿ ಹೊರಬೇಕಾಗುತ್ತದೆ.

ಹಾಗಂತ ಬಿಸಿಲಿನ ಪಾತ್ರ ಏನೂ ಇಲ್ಲ ಅಂತಲ್ಲ. ಹೊರಗೆ ನಿಲ್ಲಿಸಿದ ಬ್ಯಾರಲ್ ಹಗಲು ಕಾದು ಗಾಳಿ ಬಿಡುತ್ತದೆ, ರಾತ್ರಿ ತಣ್ಣಗಾಗಿ ಒಳಗೆಳೆಯುತ್ತದೆ, ಮುಚ್ಚಳದ ಮೇಲೆ ಮಳೆನೀರು ನಿಂತಿದ್ದರೆ ಬಿರಡೆ ಸಂದಿಯಿಂದ ಅದೂ ಒಳಗೆ ಹೋಗಬಹುದು. ನಾವು ಈಗ ಡಬ್ಬಿಗಳನ್ನು ದನದ ಕೊಟ್ಟಿಗೆಯ ನೆರಳಿಗೆ ಸಾಗಿಸಿದ್ದೇವೆ.

ಈ ಬೇಸಿಗೆ ದಿನಾ ಸಂಜೆ ಎಂಜಿನ್ ಆರಿದ ಮೇಲೆ ಜಾಳಿಗೆಗೆ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆದೆವು. ಮೊನ್ನೆ ಕಾಕಾ ಮತ್ತೆ ಕವರ್ ಬಿಚ್ಚಿದರು. ಹಳೇ ಪದರ ಹಾಗೇ ಇದೆ, ಹೊಸದು ಕೂತಿಲ್ಲ.