ಕೊನೆಗೆ ನಾಲ್ಕೇ ಟೈಲ್ ಉಳಿದು ಆಟ ಯಾಕೆ ನಿಂತುಹೋಗುತ್ತದೆ?

ಕಂಪ್ಯೂಟರ್‌ನಲ್ಲಿ ನಾನು ಮಹ್‌ಜಾಂಗ್ ಸಾಲಿಟೇರ್ ಆಡುವುದು ಗೊತ್ತಿರುವವರು ಕೇಳುವುದು ಹೆಚ್ಚೂಕಮ್ಮಿ ಒಂದೇ ಪ್ರಶ್ನೆ. "ಒಂದೇ ತರಹದ ಎರಡು ಟೈಲ್ ಹುಡುಕಿ ಒತ್ತಬೇಕು, ಅಷ್ಟೇ ಅಲ್ವಾ? ಹಾಗಿದ್ದರೆ ಪ್ರತಿ ಸಲ ನಾಲ್ಕೋ ಆರೋ ಟೈಲ್ ಉಳಿದು ನನ್ನ ಆಟ ನಿಂತುಹೋಗುವುದು ಯಾಕೆ?" ಕೆಲವರು ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ: ಎಲ್ಲ ಅದೃಷ್ಟ ಬಿಡಿ.

ಅದೃಷ್ಟದ ಪಾಲು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಜನ ಅಂದುಕೊಂಡಷ್ಟಿಲ್ಲ. ಎಲ್ಲೆಲ್ಲೂ ಜೋಡಿಗಳು ಕಾಣುತ್ತಾ, ಟಕಟಕ ಅಂತ ಒತ್ತಿಕೊಂಡು ಹೋಗುತ್ತಿರುತ್ತೀರಲ್ಲ, ಆ ಖುಷಿಯ ಹೊತ್ತಿನಲ್ಲೇ ಆಟ ಕೆಟ್ಟಿರುತ್ತದೆ. ಅದು ಗೊತ್ತಾಗುವುದು ಮಾತ್ರ ಕೊನೆಗೆ.

ಆಡದವರಿಗಾಗಿ ನಿಯಮ ಹೇಳಿಬಿಡುತ್ತೇನೆ. ಒಟ್ಟು 144 ಟೈಲ್‌ಗಳು ಅಟ್ಟಿ ಅಟ್ಟಿಯಾಗಿ ಜೋಡಿಸಿರುತ್ತವೆ. ಒಂದು ಟೈಲ್ ತೆಗೆಯಬೇಕಾದರೆ ಅದರ ಮೇಲೆ ಬೇರೆ ಟೈಲ್ ಕೂತಿರಬಾರದು. ಜೊತೆಗೆ ಎಡಗಡೆಯೋ ಬಲಗಡೆಯೋ ಒಂದು ಪಕ್ಕ ಖಾಲಿ ಇರಬೇಕು. ಹಿಂದಿನ ಸಾಲು, ಮುಂದಿನ ಸಾಲು ಲೆಕ್ಕಕ್ಕಿಲ್ಲ. ಹೀಗೆ ಬಿಡುವಾಗಿರುವ, ಒಂದೇ ಚಿತ್ರದ ಎರಡು ಟೈಲ್ ಒತ್ತಿದರೆ ಎರಡೂ ಹೋಗುತ್ತವೆ. ಎಲ್ಲ ಖಾಲಿಯಾದರೆ ಗೆದ್ದಿರಿ. ನಾಲ್ಕು ಜನ ಕೂತು ಆಡುವ ಚೀನಾದ ಮಹ್‌ಜಾಂಗ್ ಇದಕ್ಕೆ ಗೊತ್ತಿರಬೇಕಾಗಿಲ್ಲ. ಅಲ್ಲಿಂದ ಇಲ್ಲಿಗೆ ಬಂದಿರುವುದು ಟೈಲ್‌ಗಳು ಮಾತ್ರ.

ಆ ಟೈಲ್‌ಗಳ ಪರಿಚಯ ಮಾಡಿಕೊಳ್ಳದೆ ಆಡುವವರೇ ಜಾಸ್ತಿ. ಚುಕ್ಕಿ, ಬಿದಿರು, ಚೀನೀ ಅಂಕಿ ಅಂತ ಮೂರು ಬಗೆ, ಪ್ರತಿಯೊಂದರಲ್ಲೂ ಒಂದರಿಂದ ಒಂಬತ್ತು. ನಾಲ್ಕು ದಿಕ್ಕಿನ ಗಾಳಿಗಳು. ಕೆಂಪು, ಹಸಿರು, ಬಿಳಿ ಅಂತ ಮೂರು ಡ್ರ್ಯಾಗನ್. ಇವೆಲ್ಲ ನಾಲ್ಕು ನಾಲ್ಕು ಇರುತ್ತವೆ, ಅಲ್ಲಿಗೆ 136 ಆಯಿತು. ಉಳಿದ ಎಂಟರಲ್ಲಿ ನಾಲ್ಕು ಹೂವಿನವು, ನಾಲ್ಕು ಋತುವಿನವು. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಹೂವಿನ ಟೈಲ್‌ಗಳ ಚಿತ್ರ ಒಂದೊಂದೂ ಬೇರೆ, ಆದರೂ ಯಾವ ಹೂವಿಗೆ ಯಾವ ಹೂವಾದರೂ ಜೋಡಿಯಾಗುತ್ತದೆ. ಋತುಗಳೂ ಹಾಗೆಯೇ. ಹೂವಿಗೂ ಋತುವಿಗೂ ಮಾತ್ರ ಜೋಡಿಯಾಗುವುದಿಲ್ಲ. "ಈ ಚಿತ್ರದ ಇನ್ನೊಂದು ಎಲ್ಲೂ ಇಲ್ವಲ್ಲ" ಅಂತ ಹುಡುಕುತ್ತಾ ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿದಿರಿನ ಒಂದರಲ್ಲಿ ಬಿದಿರೇ ಇರುವುದಿಲ್ಲ, ಸಾಮಾನ್ಯವಾಗಿ ಒಂದು ಹಕ್ಕಿ ಇರುತ್ತದೆ. ಬಿಳಿ ಡ್ರ್ಯಾಗನ್ ಕೆಲವು ಕಡೆ ಬರೀ ಚೌಕಟ್ಟು, ಕೆಲವು ಕಡೆ ಪೂರ್ತಿ ಖಾಲಿ. ಬಿದಿರಿನ ಆರು, ಎಂಟು, ಒಂಬತ್ತು ಬೇಗ ಬೇಗ ನೋಡಿದರೆ ಒಂದೇ ತರಹ ಕಾಣುತ್ತವೆ. ಶುರುವಿನ ಕೆಲವು ಆಟ ಇವನ್ನು ಗುರುತು ಹಿಡಿಯುವುದಕ್ಕೇ ಅಂತ ಆಡಿ, ಗೆಲುವಿನ ಗೊಡವೆ ಬೇಡ.

ಈಗ ಉತ್ತರಕ್ಕೆ ಬರುತ್ತೇನೆ. ಹೂವು ಒಂದು ಗುಂಪು, ಋತು ಒಂದು ಗುಂಪು ಅಂತ ಹಿಡಿದರೆ ಈ ಆಟದಲ್ಲಿ ಒಟ್ಟು 36 ಗುಂಪು, ಗುಂಪಿಗೆ ನಾಲ್ಕು ಟೈಲ್. ನಾಲ್ಕನ್ನು ಎರಡು ಜೋಡಿ ಮಾಡಲು ಇರುವ ದಾರಿ ಮೂರೇ ಮೂರು. ಇಡೀ ಆಟದಲ್ಲಿ ನಿಮ್ಮ ಕೈಲಿರುವುದು ಈ ಆಯ್ಕೆ, ಮತ್ತೆ ಯಾವುದನ್ನು ಯಾವಾಗ ತೆಗೆಯುತ್ತೀರಿ ಅನ್ನುವುದು. ಹೆಚ್ಚಿನವರು ಆಯ್ಕೆ ಮಾಡುವುದೇ ಇಲ್ಲ. ಕಣ್ಣಿಗೆ ಬಿದ್ದ ಮೊದಲ ಎರಡನ್ನು ಒತ್ತುತ್ತಾರೆ.

ಒಂದು ಉದಾಹರಣೆ ನೋಡಿ. ಚುಕ್ಕಿಯ ಐದು ಮೂರು ಕಡೆ ಬಿಡುವಾಗಿದೆ ಅಂದುಕೊಳ್ಳಿ. ಒಂದು ನಡುವಿನ ಎತ್ತರದ ಅಟ್ಟಿಯ ಮೇಲೆ ಕೂತಿದೆ. ಇನ್ನೊಂದು ಉದ್ದದ ಸಾಲೊಂದರ ತುದಿಯಲ್ಲಿದೆ. ಮೂರನೆಯದು ಎಲ್ಲೋ ಮೂಲೆಯಲ್ಲಿ ಒಂಟಿಯಾಗಿದೆ, ಅದರ ಕೆಳಗೂ ಏನಿಲ್ಲ, ಪಕ್ಕದಲ್ಲೂ ಏನಿಲ್ಲ. ನಾಲ್ಕನೆಯದು ಇನ್ನೂ ಕಂಡಿಲ್ಲ. ಯಾವ ಎರಡನ್ನು ತೆಗೆಯುತ್ತೀರಿ?

ಅಟ್ಟಿಯ ಮೇಲಿನದು ಮತ್ತು ಸಾಲಿನ ತುದಿಯದು. ಇವು ಹೋದರೆ ಎರಡು ಹೊಸ ಟೈಲ್‌ಗೆ ದಾರಿಯಾಗುತ್ತದೆ. ಮೂಲೆಯದನ್ನು ತೆಗೆದರೆ ಯಾವುದಕ್ಕೂ ದಾರಿಯಾಗುವುದಿಲ್ಲ. ಅದು ಅಲ್ಲೇ ಇರಲಿ, ನಾಲ್ಕನೆಯದು ಬಂದಾಗ ಜೊತೆಗೆ ಬೇಕಾಗುತ್ತದೆ. ಇನ್ನೊಂದು ಕಾರಣವೂ ಇದೆ, ಅದೇ ಮುಖ್ಯ. ಮೂಲೆಯದನ್ನೂ ಸಾಲಿನ ತುದಿಯದನ್ನೂ ತೆಗೆದು, ಅಟ್ಟಿಯ ಮೇಲಿನದನ್ನು ಉಳಿಸಿಕೊಂಡಿರಿ ಅನ್ನಿ. ಕಾಣದಿರುವ ನಾಲ್ಕನೆಯದು ಅದೇ ಅಟ್ಟಿಯ ಅಡಿಯಲ್ಲಿದ್ದರೆ? ಮುಗಿಯಿತು ಕಥೆ. ಮೇಲಿನದು ಹೋಗದೆ ಕೆಳಗಿನದು ಬರುವುದಿಲ್ಲ, ಕೆಳಗಿನದು ಬರದೆ ಮೇಲಿನದು ಹೋಗುವುದಿಲ್ಲ. ಮೂಲೆಯ ಟೈಲ್‌ನಿಂದ ಇಂಥ ಅಪಾಯ ಇಲ್ಲ, ಅದು ಯಾವುದನ್ನೂ ಮುಚ್ಚಿಕೊಂಡಿಲ್ಲವಲ್ಲ.

ಕೊನೆಗೆ ಉಳಿಯುವ ಆ ನಾಲ್ಕು ಟೈಲ್‌ನ ಗುಟ್ಟೂ ಇದರ ಹತ್ತಿರದ್ದೇ. ಎರಡೆರಡು ಟೈಲ್‌ನ ಎರಡು ಅಟ್ಟಿ ಉಳಿದಿವೆ. ಒಂದರಲ್ಲಿ ಮೇಲೆ ಕೆಂಪು ಡ್ರ್ಯಾಗನ್, ಕೆಳಗೆ ಪೂರ್ವದ ಗಾಳಿ. ಇನ್ನೊಂದರಲ್ಲಿ ಮೇಲೆ ಪೂರ್ವದ ಗಾಳಿ, ಕೆಳಗೆ ಕೆಂಪು ಡ್ರ್ಯಾಗನ್. ಮೇಲಿನ ಎರಡೂ ಬಿಡುವಾಗಿವೆ, ಆದರೆ ಜೋಡಿಯಲ್ಲ. ಜೋಡಿಗಳು ಕೆಳಗೆ ಸಿಕ್ಕಿಕೊಂಡಿವೆ. ಈಗ ಏನು ಮಾಡಿದರೂ ಆಗುವುದಿಲ್ಲ. ಎಡವಿದ್ದು ಎಲ್ಲಿ ಅಂದರೆ, ಉಳಿದ ಎರಡು ಕೆಂಪು ಡ್ರ್ಯಾಗನ್‌ಗಳನ್ನು ಎಷ್ಟೋ ಹೊತ್ತಿನ ಹಿಂದೆ ಒಂದಕ್ಕೊಂದು ಜೋಡಿ ಮಾಡಿ ಕಳಿಸಿದಾಗ. ಅವುಗಳಲ್ಲಿ ಒಂದನ್ನು ಈ ಅಟ್ಟಿಯ ಮೇಲಿನ ಡ್ರ್ಯಾಗನ್ ಜೊತೆ ತೆಗೆದಿದ್ದರೆ ಕೆಳಗಿನ ಪೂರ್ವದ ಗಾಳಿ ಹೊರಗೆ ಬರುತ್ತಿತ್ತು, ಗಂಟು ಬಿಚ್ಚಿಕೊಳ್ಳುತ್ತಿತ್ತು.

ಹಾಗಂತ ಪ್ರತಿ ಜೋಡಿಗೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದು ಗುಂಪಿನ ನಾಲ್ಕೂ ಬಿಡುವಾಗಿದ್ದರೆ ಕಣ್ಣು ಮುಚ್ಚಿ ನಾಲ್ಕನ್ನೂ ತೆಗೆಯಿರಿ. ಎರಡು ಆಗಲೇ ಹೋಗಿದ್ದು ಉಳಿದ ಎರಡೂ ಬಿಡುವಾಗಿದ್ದರೂ ಅಷ್ಟೇ, ಅವಕ್ಕೆ ಬೇರೆ ಜೊತೆಯೇ ಇಲ್ಲ, ತೆಗೆದರೆ ನಷ್ಟವೂ ಇಲ್ಲ. ಯೋಚನೆ ಬೇಕಾಗುವುದು ಗುಂಪಿನ ಮೊದಲ ಜೋಡಿ ತೆಗೆಯುವಾಗ ಮಾತ್ರ. ಬಿಡುವಾಗಿರುವುದು ಎರಡೋ ಮೂರೋ, ಉಳಿದವು ಎಲ್ಲಿವೆ ಅಂತ ಆಗ ಒಂದು ಕ್ಷಣ ನೋಡಿ. ಎರಡೇ ಕಾಣುತ್ತಿದ್ದು, ಅವನ್ನು ತೆಗೆದರೂ ಹೊಸದೇನೂ ಬಿಡುವಾಗದಿದ್ದರೆ, ಸುಮ್ನೆ ಬಿಟ್ಟುಬಿಡಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಯಾವ ಕಡೆಯಿಂದ ಶುರು ಮಾಡಬೇಕು ಅನ್ನುವುದು. ಎಲ್ಲರೂ ಮೊದಲು ನೋಡುವ ಜೋಡಣೆ ಆಮೆಯದು. ಐದು ಪದರ ಇರುತ್ತದೆ. ತಳದಲ್ಲಿ 87, ಅದರ ಮೇಲೆ 36, ಆಮೇಲೆ 16, ನಾಲ್ಕು, ತುದಿಯಲ್ಲಿ ಒಂದು. ಆ ಒಂದೇ ಒಂದು ಟೈಲ್ ತನ್ನ ಕೆಳಗಿನ ನಾಲ್ಕನ್ನೂ ಒತ್ತಿ ಹಿಡಿದಿರುತ್ತದೆ, ಆದ್ದರಿಂದ ಅದರ ಜೋಡಿ ಕಂಡ ತಕ್ಷಣ ತೆಗೆಯುವುದು ಒಳ್ಳೆಯದು. ಎಡಗಡೆ ಚಾಚಿಕೊಂಡಿರುವ ಒಂಟಿ ಟೈಲ್ ಇನ್ನೂ ಕಿಲಾಡಿ. ತಳದ ನಡುವೆ ಹನ್ನೆರಡು ಹನ್ನೆರಡು ಟೈಲ್‌ನ ಎರಡು ಸಾಲು ಇವೆಯಲ್ಲ, ಆ ಎರಡರ ಎಡ ತುದಿಗೂ ಬಾಗಿಲು ಅದು. ಬಲಗಡೆಯ ಬಾಗಿಲಿಗೆ ಎರಡು ಟೈಲ್ ಒಂದರ ಪಕ್ಕ ಒಂದು ಇರುತ್ತವೆ, ಹೊರಗಿನದು ಹೋದ ಮೇಲೇ ಒಳಗಿನದು. ಎಡದ ಒಂದು ಅಥವಾ ಬಲದ ಎರಡು ಹೋಗುವ ತನಕ ಆ ಎರಡು ಸಾಲಿನ 24 ಟೈಲ್‌ಗಳಲ್ಲಿ ಒಂದನ್ನೂ ಮುಟ್ಟುವಂತಿಲ್ಲ. ಆಟದ ಆರನೇ ಒಂದು ಭಾಗ ಅದು!

ಹಿಂದಿನ ಅಂಚು ಮತ್ತು ಮುಂದಿನ ಅಂಚಿನಲ್ಲೂ ಹನ್ನೆರಡರ ಸಾಲುಗಳಿವೆ. ಇವುಗಳ ಮೇಲೆ ಏನೂ ಕೂತಿರುವುದಿಲ್ಲ, ಎಲ್ಲ ಕಣ್ಣಿಗೆ ಕಾಣುತ್ತಿರುತ್ತವೆ. ಸುಲಭವಾಗಿ ಸಿಗುತ್ತವೆ ಅಂತ ಜನ ಇವಕ್ಕೇ ಮೊದಲು ಕೈ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಇಳಿಸಬೇಕಾದದ್ದು ನಡುವಿನ ಎತ್ತರ. ಅಂಚಿನ ಟೈಲ್ ತೆಗೆದರೆ ಸಿಗುವುದು ಆಗಲೇ ಕಂಡಿದ್ದ ಪಕ್ಕದ ಟೈಲ್, ಅಟ್ಟಿಯ ಮೇಲಿನದನ್ನು ತೆಗೆದರೆ ಕಾಣದಿದ್ದದ್ದು ಕಾಣುತ್ತದೆ. ಗೊತ್ತಾದಷ್ಟೂ ಆಯ್ಕೆ ಸರಿಯಾಗುತ್ತದೆ. ಆದರೆ ಅಂಚನ್ನು ಪೂರ್ತಿ ಮರೆತರೂ ಕಷ್ಟ. ಹನ್ನೆರಡರ ಸಾಲಿನ ನಡುವಿನ ಟೈಲ್ ಹೊರಗೆ ಬರಬೇಕಾದರೆ ಒಂದು ಪಕ್ಕದಿಂದ ಐದು ಟೈಲ್ ಹೋಗಬೇಕು.

ಹಿಂಟ್ ಬಟನ್ ಬಗ್ಗೆ ಒಂದು ಮಾತು. ಅದನ್ನು ಒತ್ತಿದರೆ ಸಾಮಾನ್ಯವಾಗಿ ಸಿಗುವುದು ಬಿಡುವಾಗಿರುವ ಯಾವುದೋ ಒಂದು ಜೋಡಿ. ಒಳ್ಳೆಯ ಜೋಡಿ ಅಂತ ಅದರ ಅರ್ಥವಲ್ಲ. ಹಿಂಟ್ ನಂಬಿ ಆಡಿದರೆ ಕಣ್ಣಿಗೆ ಬಿದ್ದದ್ದನ್ನು ಒತ್ತಿದ ಹಾಗೆಯೇ, ಕಣ್ಣು ಮಾತ್ರ ಕಂಪ್ಯೂಟರ್‌ದು. ಉಳಿದ ಟೈಲ್‌ಗಳನ್ನು ಕಲಸಿ ಕೊಡುವ ಶಫಲ್ ಬಟನ್ ನಾನು ಮುಟ್ಟುವುದಿಲ್ಲ. ಒತ್ತಿದ ಮೇಲೆ ಅದು ಬೇರೆಯೇ ಆಟ.

ಹಾಗಾದರೆ ಎಲ್ಲ ಆಟವೂ ಗೆಲ್ಲಬಹುದಾ? ಇಲ್ಲ. ಟೈಲ್‌ಗಳನ್ನು ಸುಮ್ಮನೆ ಕಲಸಿ ಜೋಡಿಸಿದ ಆಮೆಯಲ್ಲಿ, ಅಡಿಯಲ್ಲಿರುವುದೆಲ್ಲ ಕಾಣುತ್ತದೆ ಅಂತಲೇ ಇಟ್ಟುಕೊಂಡರೂ, ನೂರಕ್ಕೆ ಸುಮಾರು ಮೂರು ಆಟಗಳನ್ನು ಯಾರಿಂದಲೂ ಮುಗಿಸಲಾಗುವುದಿಲ್ಲ. ಅಂದರೆ ಉಳಿದ 97ರಲ್ಲಿ ಎಲ್ಲೋ ಒಂದು ದಾರಿ ಇದೆ. ಆದರೆ ನಮಗೆ ಅಡಿಯ ಟೈಲ್‌ಗಳು ಕಾಣುವುದಿಲ್ಲವಲ್ಲ, ಅದಕ್ಕೇ ಆ ದಾರಿ ಹಿಡಿಯುವುದು ಅಷ್ಟು ಕಷ್ಟ. ಕೆಲವು ಪ್ರೋಗ್ರಾಂಗಳು ಈ ಮೂರರ ತೊಂದರೆಯನ್ನೂ ತಪ್ಪಿಸುತ್ತವೆ. ಖಾಲಿ ಜೋಡಣೆಯಿಂದ ಶುರು ಮಾಡಿ, ಆಟವನ್ನು ಹಿಂದಕ್ಕೆ ಆಡಿದ ಹಾಗೆ ಎರಡೆರಡೇ ಟೈಲ್ ಇಡುತ್ತಾ ಬರುತ್ತವೆ. ಇಟ್ಟ ದಾರಿಯಲ್ಲೇ ವಾಪಸ್ ಬಂದರೆ ಗೆಲುವು ಖಂಡಿತ. ಹೀಗೆ ಮಾಡಿದ ಆಟಕ್ಕೆ "ಖಂಡಿತ ಗೆಲ್ಲಬಹುದು" ಅಂತ ಬರೆದಿರುತ್ತಾರೆ. ಹೇಗೆ ಆಡಿದರೂ ಗೆಲ್ಲಬಹುದು ಅಂತ ಓದಿಕೊಂಡು, ಸಿಕ್ಕಿಕೊಂಡಾಗ ಪ್ರೋಗ್ರಾಂಗೆ ಬೈಯುವವರಿದ್ದಾರೆ.

ನಡುವೆ ಒಂದು ವಿಷಯ. ಇದು ಸಾವಿರಾರು ವರ್ಷ ಹಳೆಯ ಚೀನೀ ಆಟ ಅಂತ ಕೆಲವರು ಹೇಳಿಕೊಂಡು ಓಡಾಡುತ್ತಾರೆ. ನಾವು ಕಂಪ್ಯೂಟರ್‌ನಲ್ಲಿ ಆಡುವ ಈ ಆಟವನ್ನು 1981ರಲ್ಲಿ ಪ್ಲೇಟೋ ಅನ್ನುವ ಕಂಪ್ಯೂಟರ್ ವ್ಯವಸ್ಥೆಗೆ ಬರೆದವರು ಅಮೆರಿಕದ ಬ್ರೋಡಿ ಲಾಕಾರ್ಡ್. ಜಿಮ್ನಾಸ್ಟಿಕ್ಸ್ ಅಪಘಾತದಲ್ಲಿ ಅವರಿಗೆ ಪಾರ್ಶ್ವವಾಯು ಆಗಿತ್ತು. ಬಾಯಲ್ಲಿ ಹಿಡಿದ ಕಡ್ಡಿಯಿಂದ ಒಂದೊಂದೇ ಕೀ ಒತ್ತಿ ಪ್ರೋಗ್ರಾಂ ಬರೆದರು. 1986ರಲ್ಲಿ ಆಕ್ಟಿವಿಷನ್ ಕಂಪನಿ ಅದನ್ನೇ ಶಾಂಘೈ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಬಹಳ ಜನ ಇದನ್ನು ಮೊದಲು ಕಂಡದ್ದು ವಿಂಡೋಸ್ ವಿಸ್ತಾ ಮತ್ತು ವಿಂಡೋಸ್ 7ರ ಜೊತೆ ಬಂದ ಮಹ್‌ಜಾಂಗ್ ಟೈಟನ್ಸ್‌ನಲ್ಲಿ ಇರಬೇಕು.

ಟೈಮರ್ ಇದ್ದರೆ ಆಫ್ ಮಾಡಿಬಿಡಿ. ಬೇಗ ಆಡುವುದು ಬೇರೆ ಕಲೆ, ಅದು ಆಮೇಲೆ. ತೆಗೆದ ಜೋಡಿಯನ್ನು ವಾಪಸ್ ತರುವ ಅಂಡೂ (Undo) ಬಟನ್ ಮಾತ್ರ ಧಾರಾಳವಾಗಿ ಬಳಸಿ, ಅದು ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಮುಂದಿನ ಸಲ ನಾಲ್ಕೋ ಆರೋ ಟೈಲ್ ಉಳಿದು ಆಟ ನಿಂತಾಗ ಹೊಸ ಆಟ ಶುರು ಮಾಡಬೇಡಿ. ಉಳಿದಿರುವುದು ಯಾವ ಯಾವ ಗುಂಪು ಅಂತ ನೋಡಿಕೊಳ್ಳಿ. ಆಮೇಲೆ ಅಂಡೂ ಒತ್ತುತ್ತಾ ಹಿಂದೆ ಹೋಗಿ. ಆ ಗುಂಪಿನ ಮೊದಲ ಜೋಡಿ ವಾಪಸ್ ಬಂದ ಜಾಗದಲ್ಲಿ ನಿಲ್ಲಿ. ಆಗ ಮೂರನೆಯದೊಂದು ಬಿಡುವಾಗಿತ್ತಾ? ಇದ್ದರೆ ಅದನ್ನು ಸೇರಿಸಿ ಬೇರೆ ಜೋಡಿ ಮಾಡಿ, ಅಲ್ಲಿಂದ ಮುಂದಕ್ಕೆ ಆಡಿ. ಇಲ್ಲದಿದ್ದರೆ ಆ ಗುಂಪನ್ನು ಸದ್ಯಕ್ಕೆ ಮುಟ್ಟದೆ, ಮೂರನೆಯದು ಹೊರಬರುವ ತನಕ ಬೇರೆ ಕಡೆ ಕೆಲಸ ಮಾಡಿ.